ಇಪ್ಪತ್ನಾಲ್ಕು ಚೂರು ಕೊಬ್ಬರಿ

ಈಗಲೂ ಎಳ್ಳು ಬೀರಲೆಂದು ಕೊಬ್ಬರಿ ಹೆಚ್ಚುವಾಗ ಬೆರಳಿಗೆ ಅಂಟುವ ಎಣ್ಣೆಯ ವಾಸನೆ ನನ್ನನ್ನು ಗಂಡಸಿ ಊರಿನ ಶಾಲೆಯ ಒಂದು ಮಧ್ಯಾಹ್ನಕ್ಕೆ ಎಳೆದೊಯ್ಯುತ್ತದೆ.

ಆಗ ನಾವು ಮೂರನೇ ಕ್ಲಾಸು. ಸಂಕ್ರಾಂತಿಯ ಹಿಂದಿನ ದಿನ ಮೇಷ್ಟ್ರು ಪ್ರತಿಯೊಬ್ಬರ ಸ್ಲೇಟಿನ ಮೇಲೂ ಇಪ್ಪತ್ನಾಲ್ಕು ಚೂರು ಕೊಬ್ಬರಿ ಎಣಿಸಿಟ್ಟು, "ಮನೇಲಿ ಎಷ್ಟು ಜನ ಇದೀರೋ ಅಷ್ಟು ಪಾಲು ಮಾಡ್ರಿ. ಎಲ್ಲರಿಗೂ ಸಮ ಬರಬೇಕು" ಅಂದರು. ನಾನು ಲೆಕ್ಕದಲ್ಲಿ ಚುರುಕು. ಹಾಗಾಗಿ ಪಾಲು ಸರಿಯಾಗಿದೆಯೇ ಎಂದು ನೋಡುವ ಕೆಲಸ ನನ್ನದಾಯಿತು. ಅದರ ಜಂಬವೂ ಬಂತು.

ಪಕ್ಕದಲ್ಲಿ ಕೂರುತ್ತಿದ್ದ ಸಾವಿತ್ರಿ ಆರು ಗುಂಪು ಮಾಡಿದ್ದಳು, ಒಂದೊಂದರಲ್ಲಿ ನಾಲ್ಕು ಚೂರು. ಅವಳ ಅವ್ವ ತೀರಿಕೊಂಡು ತಿಂಗಳೂ ಆಗಿರಲಿಲ್ಲ. "ಈ ವರ್ಷ ಅವರ ಮನೇಲಿ ಹಬ್ಬ ಇಲ್ಲ ಕಣೇ, ಎಳ್ಳು ಕೇಳಬೇಡ" ಎಂದು ನಮ್ಮಜ್ಜಿ ಬೆಳಗ್ಗೆ ತಾನೇ ಹೇಳಿ ಕಳಿಸಿದ್ದರು.

"ತಪ್ಪು ಕಣೇ. ಈಗ ನೀವು ಐದೇ ಜನ" ಅಂದೆ, ಇಡೀ ಕ್ಲಾಸಿಗೆ ಕೇಳುವಂತೆ.

ಅವಳು ಒಂದು ಗುಂಪನ್ನು ಒಡೆದು, ಮಿಕ್ಕ ಐದಕ್ಕೆ ಹಂಚತೊಡಗಿದಳು. ಇರುವುದು ನಾಲ್ಕೇ ಚೂರು. ಪ್ರತಿ ಸಲವೂ ಒಂದು ಗುಂಪಿಗೆ ಸಾಲುತ್ತಿರಲಿಲ್ಲ. ಮತ್ತೆ ಮತ್ತೆ ತೆಗೆದು ಹಂಚಿದಳು.

ಮೇಷ್ಟ್ರು ಬಂದು ಬಗ್ಗಿ ನೋಡಿ, "ಬಿಡವ್ವ, ನೀನು ಮೊದಲು ಮಾಡಿದ್ದೇ ಸರಿ ಐತೆ" ಅಂದರು. ನನ್ನ ಕಡೆ ತಿರುಗಲಿಲ್ಲ.

ಗಂಟೆ ಹೊಡೆಯಿತು. ಸಾವಿತ್ರಿ ಇಪ್ಪತ್ತು ಚೂರನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡಳು. ಉಳಿದ ನಾಲ್ಕನ್ನು ನನ್ನ ಅಂಗೈಗೆ ಸುರಿದಳು.

"ಈಗ ಸರಿ ಹೋಯ್ತಾ, ನೋಡು" ಅಂದಳು.