ಮೂರನೆಯ ಗುಹೆಯ ಹಲಗೆ

“ಇನ್ನೂ ಸ್ವಲ್ಪ ವೇಗ ಬೇಕು” ಎಂದಳು ವನೆಸ್ಸಾ.

ಬನ್ನಂಜೆಯ ಕಂಪ್ಯೂಟರ್ ಅಂಗಡಿಯ ಶ್ರವಣ್ ತಲೆ ಕೆರೆದುಕೊಂಡ. ಅವಳು ತಂದ ಹಳೆಯ ಹಾರ್ಡ್ ಡಿಸ್ಕಿನೊಳಗೆ ಒಂದು ಆಟವಿತ್ತು. ಗುಹೆ, ಲಾಟೀನು ಹಿಡಿದು ಓಡುವ ಒಬ್ಬ ಅಜ್ಜ. ಅದನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಅಜ್ಜ ಬಾಲಕ್ಕೆ ಬೆಂಕಿ ಹತ್ತಿದ ಬೆಕ್ಕಿನಂತೆ ಓಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹೊಂಡಕ್ಕೆ ಬೀಳುತ್ತಿದ್ದ. ಆ ಕಾಲದ ಆಟಗಳೇ ಹಾಗೆ, ಯಂತ್ರ ಚುರುಕಾದಷ್ಟೂ ಆಟವೂ ಚುರುಕು. ಕೊನೆಗೆ ಶ್ರವಣ್ ಹೊಸ ಕಂಪ್ಯೂಟರನ್ನು ಹಳೆಯದರಂತೆ ನಟಿಸುವ ಹಾಗೆ ಮಾಡುವ ಪ್ರೋಗ್ರಾಮ್ ಒಂದನ್ನು ಹಾಕಿ, ವೇಗ ಇಳಿಸಿ, ಟುಂಯ್ ಟುಂಯ್ ಎಂಬ ಶಬ್ದವನ್ನೂ ಬರಿಸಿದ್ದ.

“ಆಗಿನ ಕಂಪ್ಯೂಟರಿಗೆ ಇಷ್ಟೇ ಮೇಡಂ. ಸರಿ ಉಂಟು.”

“ನಮ್ಮ ಮನೆಯದ್ದು ಹೀಗಿರಲಿಲ್ಲ. ಒಂದು ಚೂರು ಏರಿಸಿ. ಜಾಸ್ತಿ ಬೇಡ.”

ಮನೆಯ ಕಂಪ್ಯೂಟರ್ ಹೇಗಿತ್ತೆಂದು ಮನೆಯವರಿಗೇ ತಾನೆ ಗೊತ್ತಿರುವುದು. ಶ್ರವಣ್ ಏರಿಸಿದ. ಏರಿಸುವ, ಇಳಿಸುವ ಕೀಲಿಗಳನ್ನೂ ತೋರಿಸಿಕೊಟ್ಟ.

“ಯಾರಿಗೆ ಇದು? ಮಕ್ಕಳಿಗಾ?”

“ಒಬ್ಬರನ್ನು ಪರೀಕ್ಷೆ ಮಾಡಲಿಕ್ಕೆ” ಎಂದಳು ಅವಳು, ಮುಖ ಎತ್ತದೆ.

ಆ ಒಬ್ಬ, ಅವಳ ತಾಯಿ ತೀರಿಕೊಂಡು ವರ್ಷವಾದ ಪೂಜೆ ಮುಗಿದ ಸಂಜೆ ಶಿರ್ವದ ಮನೆಗೆ ಬಂದವನು. ತಾನು ಇವಾನ್ ಎಂದ. ವನೆಸ್ಸಾಳ ಅಣ್ಣ ಇವಾನ್ ಹತ್ತನೆಯ ತರಗತಿಯಲ್ಲಿ ಫೇಲಾಗಿ, ತಂದೆಯ ಬೆಲ್ಟಿಗೆ ಹೆದರಿ ಮುಂಬಯಿ ಬಸ್ಸು ಹತ್ತಿದ ಹುಡುಗ. ಆಮೇಲೆ ಸುದ್ದಿಯೇ ಇರಲಿಲ್ಲ. ಬಂದವನಿಗೆ ನರೆತ ಗಡ್ಡ, ಗುಳಿಬಿದ್ದ ಕೆನ್ನೆ. ಹೋಟೆಲುಗಳಲ್ಲಿ ಬೇರೆ ಹೆಸರು ಹೇಳಿ ದುಡಿದೆ ಎಂದ. ಅವನಲ್ಲಿದ್ದ ಕಾಗದಗಳೆಲ್ಲ ಆ ಬೇರೆ ಹೆಸರಿನವು.

ಅನುಮಾನವನ್ನು ಮೊದಲು ಬಾಯಿಬಿಟ್ಟು ಹೇಳಿದವಳು ವನೆಸ್ಸಾ. ಮದುವೆಯ ಮಾತು ಬಂದಾಗಲೆಲ್ಲ ಹಾಸಿಗೆ ಹಿಡಿದ ಅಮ್ಮನನ್ನು ತೋರಿಸಿ ಮನೆಯಲ್ಲೇ ಉಳಿದವಳು ಅವಳು. ಮನೆ, ಹಿತ್ತಲು ಇನ್ನೇನು ಅವಳ ಹೆಸರಿಗೆ ಆಗಬೇಕು ಎನ್ನುವಾಗ ಇವನು. ತಂದೆಯೂ ಇಲ್ಲದ ಮೇಲೆ, ಅವರ ತಮ್ಮ ಜಾರ್ಜ್ ಬಾಪ್ಪು ಹೂಂ ಎಂದರೆ ಅರ್ಧ ಅವನಿಗೆ.

ಬಾಪ್ಪು ಅತ್ತಿತ್ತ ತೂಗುತ್ತಿದ್ದರು. “ನಮ್ಮ ಗೇಟು ಎತ್ತಿ ನೂಕದೆ ತೆರೆಯುವುದಿಲ್ಲ. ಪೋಸ್ಟಿನವ ಇವತ್ತಿಗೂ ಹೊರಗೆ ನಿಂತು ಬೊಬ್ಬೆ ಹಾಕುತ್ತಾನೆ. ಇವ ಬಂದವನೇ ಎತ್ತಿ ನೂಕಿದನಲ್ಲ ಬಾಯ್?” ಎಂದು ವನೆಸ್ಸಾಳನ್ನು ಕೇಳಿದರು.

“ಯಾರಾದರೂ ಹೇಳಿಕೊಟ್ಟಿರಬಹುದು.”

“ಹಾಗಾದರೆ ಮಣಿಪಾಲಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸುವ.”

ಬಂದವನು ತನ್ನ ಅಂಗೈ ನೋಡಿಕೊಂಡ.

“ರಕ್ತ ಬೇಡ ಬಾಪ್ಪು” ಎಂದಳು ವನೆಸ್ಸಾ. “ನಮ್ಮವನೇ ಆಗಿದ್ದರೆ ನಾಳೆ ಅವನ ಮುಖ ಹೇಗೆ ನೋಡುವುದು? ಡ್ಯಾಡಿ ಕುವೈತಿನಿಂದ ತಂದ ಕಂಪ್ಯೂಟರಿನ ಆಟ ನೆನಪುಂಟಾ? ಅದನ್ನು ಆಡಲಿ.”

ಬಾಪ್ಪುವಿಗೆ ನೆನಪಿಲ್ಲದೆ ಉಂಟೇ? ಮೂರನೆಯ ಗುಹೆಯಲ್ಲಿ ಹಲಗೆಗಳು ಕಳಚಿ ಮತ್ತೆ ಕೂಡುವ ಒಂದು ಸೇತುವೆ. ಇವಾನ್ ಅದನ್ನು ಕಣ್ಣಿಗೆ ಮೈ ಒರೆಸುವ ಬೈರಾಸು ಕಟ್ಟಿಕೊಂಡು ದಾಟುತ್ತಿದ್ದ. ಕಟ್ಟುತ್ತಿದ್ದವರು ಬಾಪ್ಪುವೇ.

ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಲ್ಯಾಪ್‌ಟಾಪ್ ಊಟದ ಮೇಜಿಗೆ ಬಂತು. ಮೊದಲಿನ ಎರಡು ಗುಹೆಗಳನ್ನು ವನೆಸ್ಸಾಳೇ ದಾಟಿಸಿದಳು. ಆಮೇಲೆ ಅವನನ್ನು ಕರೆದಳು. ಪರದೆಯ ಮೇಲೆ ಲಾಟೀನು ನೋಡಿ ಅವನು ಬಂದ ಮೇಲೆ ಮೊದಲ ಬಾರಿಗೆ ನಕ್ಕ.

“ಅಜ್ಜ ಇನ್ನೂ ಬದುಕಿದ್ದಾನಾ ಮಾರಾಯ!” ಮತ್ತೆ ಕಿವಿ ಬಾಗಿಸಿದ. “ಶಬ್ದ ಎಂತ ಇಲ್ಲ?”

“ಹೊಸದರಲ್ಲಿ ಹಳೆಯ ಶಬ್ದ ಬರುವುದಿಲ್ಲ” ಎಂದಳು ವನೆಸ್ಸಾ.

ಬಾಪ್ಪು ಬೈರಾಸು ಕಟ್ಟಿದರು. ಅವನ ಎಡಗೈ ಮೇಜಿನ ಮೇಲೆ ತಾಳ ಹಿಡಿಯಿತು. ಟಕ್ ಟಕ್, ಒಂದು ಉಸಿರು, ಟಕ್. ಬಲಗೈ ಕೀಲಿ ಒತ್ತಿತು. ಅಜ್ಜ ಹಾರುವಷ್ಟರಲ್ಲಿ ಹಲಗೆ ಕಳಚಿತ್ತು.

ಮತ್ತೊಮ್ಮೆ. ಅದೇ ತಾಳ, ಅದೇ ಹಲಗೆ, ಕೂದಲೆಳೆಯಷ್ಟು ತಡ. ಇನ್ನೊಮ್ಮೆ ಆಡಿದಾಗಲೂ ಅಷ್ಟೇ ತಡ.

ಬಾಪ್ಪು ಬೈರಾಸಿನ ಗಂಟು ಬಿಚ್ಚಿದರು. ಅವರ ಮುಖ ಬಿಗಿದಿತ್ತು. “ನಮ್ಮ ಹುಡುಗ ಒಂದು ಸಲವೂ ಬಿದ್ದವನಲ್ಲ. ಈಗ ಎಂತ ಹೇಳುತ್ತೀ? ರಕ್ತ ಕೊಡುತ್ತೀಯಾ?”

ಅವನು ಪರದೆಯನ್ನು ನೋಡಿದ. ಆಮೇಲೆ ತುಂಬ ಹೊತ್ತು ವನೆಸ್ಸಾಳನ್ನು ನೋಡಿದ.

“ಬೇಡ ಬಾಪ್ಪು. ಇವಳಿಗೆ ಗೊತ್ತುಂಟು. ಅಷ್ಟು ಸಾಕು.”

“ಬಾಪ್ಪು ಎಂದು ಕರೆಯಬೇಡ ನನ್ನನ್ನು. ಸಿಕ್ಕಿಬಿದ್ದೆ, ಅಲ್ವಾ? ಪೊಲೀಸಿಗೆ ಹೇಳುವ ಮೊದಲು ಹೊರಡು. ಉಡುಪಿಗೆ ಬಸ್ಸು ಉಂಟು.”

ಅವನು ಚೀಲ ಹೆಗಲಿಗೇರಿಸಿದ. ಗೇಟನ್ನು ಎತ್ತಿ ತೆರೆದು, ಹೊರಗೆ ನಿಂತು ಮತ್ತೆ ಎತ್ತಿ ಮುಚ್ಚಿದ.

“ನೀನಿಲ್ಲದಿದ್ದರೆ ನಾನು ಮೋಸ ಹೋಗುತ್ತಿದ್ದೆ ಬಾಯ್” ಎಂದರು ಬಾಪ್ಪು. “ನಾಳೆಯೇ ಕಾಗದ ಮಾಡಿಸುವ.” ಅವರೂ ಹೋದರು.

ವನೆಸ್ಸಾ ಬಾಗಿಲು ಹಾಕಿಕೊಂಡಳು. ಲ್ಯಾಪ್‌ಟಾಪಿನ ಶಬ್ದ ಹಾಕಿದಳು. ಟುಂಯ್ ಟುಂಯ್. ವೇಗ ಇಳಿಸುವ ಕೀಲಿ ಒತ್ತಿದಳು, ಶ್ರವಣ್ ಮೊದಲು ನಿಲ್ಲಿಸಿದ್ದಲ್ಲಿಗೆ ಬರುವವರೆಗೆ. ಬೈರಾಸಿನಿಂದ ಕಣ್ಣು ಮುಚ್ಚಿಕೊಂಡು, ಈಗಷ್ಟೇ ಹೋದವನು ಮೇಜಿಗೆ ಬಡಿದ ತಾಳವನ್ನೇ ಬಡಿದಳು. ಟಕ್ ಟಕ್, ಒಂದು ಉಸಿರು, ಟಕ್. ಬೈರಾಸು ತೆಗೆದಾಗ ಲಾಟೀನಿನ ಅಜ್ಜ ಸೇತುವೆಯ ಆಚೆ ನಿಂತಿದ್ದ.

ಶ್ರವಣ್ ಮೊದಲು ಹಿಡಿದ ವೇಗ ಸರಿಯಾಗಿತ್ತು. ಅದಕ್ಕೇ ಅವಳು ಏರಿಸಲು ಹೇಳಿದ್ದಳು.