ಗೆರಟೆ ಗೋಪುರ

ಆ ಬೆಳಿಗ್ಗೆ ಫ್ಯಾಕ್ಟರಿಯ ನಾತ ಎಳೆಯುವ ಫ್ಯಾನು ಮೂರನೆಯ ಸಲ ನಿಂತಿತು. ರಬ್ಬರ್ ಒಣಗಿಸುವ ಒಲೆಯ ನಾತ ಸೀದಾ ನೆಟ್ಟಣ ಸ್ಟೇಷನ್ನಿಗೆ ಹೋಯಿತು. ಸುಬ್ರಹ್ಮಣ್ಯಕ್ಕೆಂದು ರೈಲಿನಿಂದ ಇಳಿದವರು ಮೂಗು ಮುಚ್ಚಿಕೊಂಡು ಜೀಪು ಹತ್ತಿದರು. ನಾತ ನಿಲ್ಲಿಸಲು ಪಂಚಾಯತಿನವರು ಕೊಟ್ಟ ಎಂಟು ದಿನದ ಗಡುವಿನಲ್ಲಿ ಐದು ಮುಗಿದಿತ್ತು. ಫ್ಯಾಕ್ಟರಿಯ ಯಜಮಾನ ವಿಷ್ಣುಪ್ರಸಾದರು, ನಾತ ತೊಳೆಯುವ ಗೋಪುರವನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಂಡಿದ್ದ ಸಿದ್ದೀಕನನ್ನು ಕರೆದರು.

"ಮೂರು ದಿನದಲ್ಲಿ ಇದು ಸರಿಯಾಗದಿದ್ರೆ ನಾಲ್ಕನೇ ದಿನ ನೀನು ಬರುದು ಬೇಡ ಮಾರಾಯ."

ಗೋಪುರವೆಂದರೆ ದೇವಸ್ಥಾನದ್ದಲ್ಲ, ತೆಂಗಿನ ಮರದಷ್ಟು ಎತ್ತರದ ಒಂದು ಕಬ್ಬಿಣದ ಕೊಳವೆ. ಕೆಳಗಿನಿಂದ ನಾತದ ಗಾಳಿ ಏರಬೇಕು, ಮೇಲಿನಿಂದ ನೀರು ಇಳಿಯಬೇಕು. ನಡುವೆ ತುಂಬಿಸಿದ ಪ್ಲಾಸ್ಟಿಕ್ ಬಳೆಗಳ ಸಂದಿನಲ್ಲಿ ಎರಡೂ ಎದುರುಬದುರಾಗಿ ನಾತ ತೊಳೆದುಹೋಗಬೇಕು. ಪಕ್ಕದ ಗಾಜಿನ ಕೊಳವೆಯಲ್ಲಿ ಬಣ್ಣದ ನೀರು ಎರಡು ಬೆರಳು ಏರಿದ್ದರೆ ಗಾಳಿ ಸುಸೂತ್ರವಾಗಿ ಹೋಗುತ್ತಿದೆ ಎಂದು ಲೆಕ್ಕ. ಈಗ ಅದು ಒಂದು ಗೇಣು ಏರಿ ನಿಂತಿತ್ತು. ಒಳಗೆ ದಾರಿ ಕಟ್ಟಿದೆ, ಫ್ಯಾನು ಏದುಸಿರು ಬಿಟ್ಟು ಕೂರುತ್ತಿದೆ. ಕಟ್ಟಿದ್ದು ಯಾವುದೆಂದು ಸಿದ್ದೀಕನಿಗೆ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ, ಅಷ್ಟೆ.

ಯಾಕೆಂದರೆ, ಹಳೆಯ ಬಳೆಗಳು ಒಡೆದಾಗ ಅವುಗಳ ಬದಲು ತೆಂಗಿನ ಗೆರಟೆ, ಎಂದರೆ ಕಾಯಿಯ ಚಿಪ್ಪು, ತುಂಬಿಸಿದವರು ಸ್ವತಃ ಯಜಮಾನರು. ಮಗಳ ಮದುವೆಯ ಅಡುಗೆಗೆ ಕೆರೆದ ಕಾಯಿಗಳ ಗೆರಟೆ ಕೊಟ್ಟಿಗೆಯ ತುಂಬ ಬಿದ್ದಿತ್ತು. "ಇದು ಆಗ್ಲಿಕ್ಕಿಲ್ಲ ಪ್ರಸಾದಣ್ಣ" ಎಂದು ಸಿದ್ದೀಕ್ ಅಂದೇ ಹೇಳಿದ್ದ. "ನಮ್ಮ ಮಣ್ಣಿನ ವಸ್ತು ಅಂದ್ರೆ ನಿನಗೆ ಆಗುದಿಲ್ಲ ಅಲ್ವಾ?" ಎಂದು ಅವರು ಕೇಳಿದ ಮೇಲೆ ಅವನು ಬಾಯಿ ತೆರೆಯಲಿಲ್ಲ. ಆಮೇಲೆ ಪುತ್ತೂರಿನಲ್ಲಿ ಸನ್ಮಾನ, ಶಾಲು, ಹಾರ, ಪೇಪರಿನಲ್ಲಿ ಫೋಟೋ. ಗೋಪುರದ ಹೊಟ್ಟೆಯ ಮೇಲೆ 'ಸ್ವದೇಶಿ ಗೆರಟೆ ಗೋಪುರ' ಎಂಬ ಬೋರ್ಡು. ಕಾಯಿಗೇ ಸಿಗದ ಮರ್ಯಾದೆ ಗೆರಟೆಗೆ ಸಿಕ್ಕಿತು.

ಹಾಗಾಗಿ ರೋಗವನ್ನು ಬೇರೆಲ್ಲ ಕಡೆ ಹುಡುಕಲಾಯಿತು. ಮೋಟಾರು ಬದಲಾಯಿತು, ಬೆಲ್ಟು ಬದಲಾಯಿತು, ಕರೆಂಟಿನವರಿಗೆ ಬೈದದ್ದಾಯಿತು. ವಾಸ್ತು ನೋಡುವವರು ಬಂದು ಕಕ್ಕಸಿನ ಬಾಗಿಲನ್ನು ಪೂರ್ವಕ್ಕೆ ತಿರುಗಿಸಿ ಹೋದರು. ಕೊನೆಗೆ ಮಂಗಳೂರಿನಿಂದ ಇಂಜಿನಿಯರ್ ಜಯಪ್ರಕಾಶರು ಬಂದರು. ಮೇಲೆ ಹತ್ತಿ ಮುಚ್ಚಳ ತೆರೆದು ಒಳಗೆ ನೋಡಿದರು, ಬೇಗ ಮುಚ್ಚಿದರು. ಪುತ್ತೂರಿನ ಸಭೆಯಲ್ಲಿ ಶಾಲು ಹೊದೆಸಿ ಗೆರಟೆಯ ಗುಣಗಾನ ಮಾಡಿದ್ದು ಇದೇ ಮಹಾನುಭಾವರು.

"ನಿಮ್ಮ ಕಡೆ ಹವೆಯಲ್ಲಿ ತೇವ ಜಾಸ್ತಿ" ಎಂದರು ಕೆಳಗಿಳಿದು.

"ಸಾರ್, ಗೆರಟೆ..." ಸಿದ್ದೀಕ್ ಬಾಯಿ ತೆರೆದ.

"ಗೆರಟೆಗೆ ಎಂತ ಆಗಿದೆ?" ಯಜಮಾನರ ಹುಬ್ಬು ಮೇಲೇರಿತು.

"ಗೆರಟೆ ಒಂದನ್ನು ಬಿಟ್ಟು ಬೇರೆ ಎಂತ ಬೇಕಾದ್ರೂ ಇರಬಹುದು" ಎಂದು ಜಯಪ್ರಕಾಶರು ತೀರ್ಪು ಕೊಟ್ಟರು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯಜಮಾನರೂ ಜಯಪ್ರಕಾಶರೂ ಗಂಜಿಗೆ ಕೂತಿದ್ದರು. ಅಡುಗೆಯ ಶಂಕರಿ ಒಲೆಯ ಪಕ್ಕ ಗೆರಟೆ ಒಟ್ಟುತ್ತಿದ್ದಳು. ಸಿದ್ದೀಕನ ಕೆಲಸ ಹೋಗುತ್ತದೆಂದು ಕೇಳಿ ಅವಳಿಗೆ ಸಿಟ್ಟು ಬಂದಿತ್ತು. ಹತ್ತು ಗೆರಟೆಗಳನ್ನು ಒಂದರೊಳಗೊಂದು ಕೂರಿಸಿ ತಂದು, ಯಜಮಾನರ ಗಂಜಿ ಬಟ್ಟಲಿನ ಪಕ್ಕ ಕುಕ್ಕಿದಳು.

"ಗೆರಟೆ ಒಟ್ಟಿದ್ರೆ ಹೀಗೆಯೇ ಪ್ರಸಾದಣ್ಣ. ಒಂದರ ಹೊಟ್ಟೆಯಲ್ಲಿ ಇನ್ನೊಂದು ಹೋಗಿ ಕೂತ್ಕೊಳ್ತದೆ. ನಡುವೆ ಇರುವೆಗೂ ದಾರಿ ಇಲ್ಲ, ನಿಮ್ಮ ಗಾಳಿ ಹೋಗುದು ಎಲ್ಲಿಂದ? ಇದಕ್ಕೆ ಆ ಪಾಪದವ ಯಾಕೆ ಮನೆಗೆ ಹೋಗ್ಬೇಕು?"

ಜಯಪ್ರಕಾಶರು ಉಪ್ಪಿನಕಾಯಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಯಜಮಾನರು ಗಂಜಿ ಮುಗಿಸಿ ಕೈ ತೊಳೆದು ಮಂಗಳೂರಿಗೆ ಫೋನು ಮಾಡಿದರು.

ಮರುದಿನ ಫ್ಯಾಕ್ಟರಿಗೆ ರಜೆ. ಗೋಣಿಯಲ್ಲಿ ಸುತ್ತಿದ ಹೊಸ ಪ್ಲಾಸ್ಟಿಕ್ ಬಳೆಗಳು ಮಂಗಳೂರಿನಿಂದ ಬಂದವು. ಸಿದ್ದೀಕ್ ಕಬಕದಿಂದ ಬಂದ ಇಬ್ಬರು ಆಳುಗಳ ಜೊತೆ ಗೋಪುರಕ್ಕಿಳಿದು, ರಬ್ಬರ್ ಅಂಟಿ ಕಂಬ ಕಂಬವಾಗಿದ್ದ ಗೆರಟೆಗಳನ್ನು ಕಿತ್ತು ತೆಗೆದ. ಅವು ಅಂಗಳದಲ್ಲಿ ಒಣಗಿ ಶಂಕರಿಯ ಒಲೆಯ ಬುಡ ಸೇರಿದವು. ಬಣ್ಣದ ನೀರು ಒಂದು ಗೇಣಿನಿಂದ ಎರಡು ಬೆರಳಿಗೆ ಇಳಿಯಿತು. ಬೋರ್ಡು ಮಾತ್ರ ಇಳಿಯಲಿಲ್ಲ.

"ಈ ಸಂಗತಿ ಗೇಟು ದಾಟಿದ್ರೆ ನೀನೂ ದಾಟ್ಲಿಕ್ಕುಂಟು" ಎಂದರು ಯಜಮಾನರು. ಸಿದ್ದೀಕ್ ತಲೆಯಾಡಿಸಿದ. ಕೆಲಸ ಉಳಿಯಿತಲ್ಲ ಎಂದು ಸಮಾಧಾನವಾಯಿತು, ತಲೆಯಾಡಿಸಿದ್ದಕ್ಕೆ ನಾಚಿಕೆಯೂ ಆಯಿತು.

ಹದಿನೈದು ದಿನ ಕಳೆದು ಜಯಪ್ರಕಾಶರೇ ಸುಳ್ಯದ ಕಾಲೇಜಿನ ಮಕ್ಕಳನ್ನು ಗೆರಟೆ ಗೋಪುರ ತೋರಿಸಲು ಕರೆತಂದರು. ಯಜಮಾನರು ಶಾಲು ಹೊದ್ದುಕೊಂಡು ಅರ್ಧ ಗಂಟೆ ಮಾತಾಡಿದರು. ಗೋಡೆಯ ಮೇಲೆ ಗಾಜಿನ ಕೊಳವೆಯ ದಿನದಿನದ ಅಳತೆ ಬರೆದಿಟ್ಟ ಪಟ್ಟಿಯನ್ನೇ ನೋಡುತ್ತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು.

"ಹೋದ ತಿಂಗಳು ಪ್ರೆಶರ್ ಇಷ್ಟೊಂದು ಇದ್ದದ್ದು ಒಮ್ಮೆಲೇ ಕಮ್ಮಿ ಆದದ್ದು ಹೇಗೆ ಸಾರ್?"

ಯಜಮಾನರು ಕೆಮ್ಮಿದರು. ಜಯಪ್ರಕಾಶರು ಮೋಡ ನೋಡಿದರು. "ಅದನ್ನು ಸಿದ್ದೀಕ್ ಹೇಳ್ತಾನೆ" ಎಂದ ಯಜಮಾನರು ಅವನತ್ತ ನೆಟ್ಟ ಕಣ್ಣು ತೆಗೆಯಲಿಲ್ಲ.

ಸಿದ್ದೀಕ್ ಒಮ್ಮೆ ಬೋರ್ಡು ನೋಡಿದ. ಒಮ್ಮೆ ಕ್ಯಾಂಟೀನಿನ ಕಡೆ ನೋಡಿದ. ಅಲ್ಲಿ ಶಂಕರಿ ಮಕ್ಕಳ ಗಂಜಿಯ ಹಂಡೆಯ ಕೆಳಗೆ ಮತ್ತೆರಡು ಗೆರಟೆ ದೂಡುತ್ತಿದ್ದಳು. ಕರಿ ಹೊಗೆಯಲ್ಲಿ ರಬ್ಬರಿನ ಕಮಟು ಇತ್ತು.

"ಗೆರಟೆ ಎಲ್ಲಿ ಇರಬೇಕೋ ಅಲ್ಲಿ ಇಟ್ಟೆವು ನೋಡಿ" ಎಂದ ಅವನು. "ಆಗ ಕಮ್ಮಿ ಆಯ್ತು."

ಯಜಮಾನರು ಹೌದೆಂದು ತಲೆದೂಗಿದರು. ಹುಡುಗಿ ಬರೆದುಕೊಂಡಳು.