ಲೂಮ್ ಮತ್ತು ತೆವ್

"ಬಾತ್ಮಾ ಎಜೆ, ಸ್ವಲ್ಪ ಹಾಗೇ ಕೂತಿರಿ. ಇನ್ನೊಂದ್ಸಲ ನೋಡ್ತೀನಿ," ಎಂದು ಹಿರಿಯಕ್ಕನನ್ನು ಕರೆಯುವಂತೆ ಎಜೆ ಎನ್ನುತ್ತಾ ಸಂಶೋಧಕಿ ಪೆರಿಜಾತ್ ಹುಬ್ಬು ಗಂಟಿಕ್ಕಿ ಪರದೆಯತ್ತ ಬಾಗಿದಳು. ತಂತಿಗಳ ಟೋಪಿ ಇನ್ನೂ ಬಾತ್ಮಾಳ ತಲೆಯ ಮೇಲೇ ಇತ್ತು. ತಂತಿ ಕೂರಿಸಲು ಹಚ್ಚಿದ್ದ ಅಂಟು ಕಿವಿಯ ಹಿಂದೆ ತಣ್ಣಗೆ ಇಳಿಯುತ್ತಿತ್ತು. ಹೋದ ತಿಂಗಳು ನೆರೆಮನೆಯವಳ ಹೆಸರು ನಾಲಿಗೆಗೆ ಬಾರದೆ ಹೋದಾಗಿನಿಂದ ಅವಳಿಗೊಂದು ಅಳುಕು ಹತ್ತಿತ್ತು. ಬಿಷ್ಕೆಕ್ಕಿನ ಈ ಪ್ರಯೋಗಾಲಯದಲ್ಲಿ ಅವಳು ಮೂವತ್ತು ವರ್ಷ ಸಹಾಯಕಿಯಾಗಿ ದುಡಿದವಳು. ವಯಸ್ಸಾದವರ ಮಿದುಳು ಹೊಸದನ್ನು ಹೇಗೆ ಕಲಿಯುತ್ತದೆಂದು ಪರೀಕ್ಷಿಸುತ್ತಿದ್ದಾರೆ ಎಂದು ಕೇಳಿ ತಾನಾಗಿಯೇ ಬಂದಿದ್ದಳು.

ಪರೀಕ್ಷೆ ಸರಳ. ಅರ್ಥವಿಲ್ಲದ ಒಂದಿಷ್ಟು ಚಿತ್ರ, ಅರ್ಥವಿಲ್ಲದ ಒಂದಿಷ್ಟು ಪದ. ಈ ಚಿತ್ರಕ್ಕೆ ಈ ಪದ ಎಂದು ಬೆಳಿಗ್ಗೆಯೆಲ್ಲ ಕಲಿಸುತ್ತಾರೆ. ಒಂದೇ ಚಿತ್ರಕ್ಕೆ ಸೇರಿದ ಎರಡು ಪದಗಳು ತಾವಾಗಿಯೇ ನೆಂಟರಾಗುತ್ತವೆ. ಅದನ್ನು ಯಾರೂ ಹೇಳಿಕೊಡುವುದಿಲ್ಲ. ಆಮೇಲೆ ಪದಗಳು ಜೋಡಿಯಾಗಿ ಬರುತ್ತವೆ. ಹೊಂದಿದರೆ ಒಂದು ಗುಂಡಿ, ಹೊಂದದಿದ್ದರೆ ಇನ್ನೊಂದು. ಹೊಂದದ ಜೋಡಿ ಕಂಡರೆ ಪರದೆಯ ಮೇಲಿನ ಮಿದುಳಿನ ಗೆರೆ ಬೆಚ್ಚಿದಂತೆ ಮೇಲೇಳುತ್ತದೆ, ಹೊಂದಿದ್ದಕ್ಕೆ ಸುಮ್ಮನಿರುತ್ತದೆ.

"ತಲೆ ಹೋಗಿದೆಯಾ, ಮಗಳೇ? ಮುಚ್ಚಿಡಬೇಡ."

"ಅಯ್ಯೋ, ಒಂದು ಗುಂಡಿನೂ ತಪ್ಪಿಲ್ಲ. ನನ್ನ ಕಾಲೇಜು ಹುಡುಗೀರಿಗಿಂತ ಚೆನ್ನಾಗಿ ಕಲ್ತಿದ್ದೀರ. ಒಂದೇ ಒಂದು ಜೋಡಿ ಮಾತ್ರ ವಿಚಿತ್ರ. ಲೂಮ್, ತೆವ್. ಕೈ ಪ್ರತಿಸಲ ಹೊಂದಲ್ಲ ಅಂತ್ಲೇ ಒತ್ತಿದೆ. ತಲೆ ಮಾತ್ರ ಹೊಂದುತ್ತೆ ಅಂತಿದೆ. ಅವೆರಡನ್ನ ಸೇರಿಸಿ ನಾನು ಕಲಿಸೇ ಇಲ್ಲ."

ಈ ಪದಗಳು ಎಲ್ಲಿ ಸಿಕ್ಕವೆಂದು ಬಾತ್ಮಾ ಮೆಲ್ಲಗೆ ಕೇಳಿದಳು. ಕೆಳಗಿನ ಬೀರುವಿನಲ್ಲಿ ಹಳೆಯ ಕಾರ್ಡುಗಳ ಪೆಟ್ಟಿಗೆಯೊಂದಿತ್ತು, ಯಾವ ಭಾಷೆಯಲ್ಲೂ ಅರ್ಥವಿಲ್ಲವೆಂದು ಯಾರೋ ಪರಿಶೀಲಿಸಿ ಗುರುತು ಹಾಕಿದ್ದರಿಂದ ಹಾಗೇ ಬಳಸಿಕೊಂಡೆ ಎಂದಳು ಪೆರಿಜಾತ್. ಬಾತ್ಮಾಳಿಗೆ ಬೆಳಿಗ್ಗೆ ಆ ಪದಗಳನ್ನು ಕಂಡಾಗಲೇ ಗೊತ್ತಾಗಿತ್ತು. ನಲವತ್ತಾರು ವರ್ಷದ ಹಿಂದಿನದು, ಈಗದರಿಂದ ಏನಾದೀತು ಎಂದು ಬಾಯಿ ಬಿಟ್ಟಿರಲಿಲ್ಲ.

ಗುರುತು ಹಾಕಿದವನು ಓಮುರ್‌ಬೆಕ್. ಬಿಷ್ಕೆಕ್ಕಿಗಿನ್ನೂ ಫ್ರುಂಜೆ ಎಂಬ ಹೆಸರಿದ್ದ ಕಾಲ. ಅವಳಿಗೆ ಇಪ್ಪತ್ತೆರಡು, ಸಂಶೋಧನೆಗೆಂದು ಬಂದಿದ್ದ ಅವನಿಗೆ ಇಪ್ಪತ್ತಾರು. ಕಾರ್ಡುಗಳು ಸರಿಯಿವೆಯೇ ಎಂದು ನೋಡಲು ಮೊದಲು ಅವಳನ್ನೇ ಕೂರಿಸಿದ್ದ. ಒಂದು ಚಿತ್ರಕ್ಕೆ ಲೂಮ್, ಅದೇ ಚಿತ್ರಕ್ಕೆ ತೆವ್. ಹಾಗಾದರೆ ಲೂಮ್ ಅಂದರೂ ತೆವ್ ಅಂದರೂ ಒಂದೇ ಅಲ್ಲವೇ ಎಂದು ಅವಳೇ ಕೇಳಿದಾಗ ಅವನ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. ಅಂದಿನಿಂದ ಅವಳು ಲೂಮ್, ಅವನು ತೆವ್. ಪ್ರೊಫೆಸರರ ಎದುರಿಗೇ ಕೂಗಿಕೊಂಡರೂ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಓಕ್ ಮರಗಳ ಕೆಳಗೆ ಎರಡು ಬೇಸಗೆ ನಡೆದಾಡಿದರು. ಆಮೇಲೆ ಅವನು ದೂರದ ರಷ್ಯಾದ ನೊವೊಸಿಬಿರ್ಸ್ಕಿಗೆ ಹೋದ. ಎರಡು ಪತ್ರ ಬಂದವು, ಮೂರನೆಯದು ಬರಲಿಲ್ಲ. ಮುಂದೆ ಅವಳಿಗೆ ಒಳ್ಳೆಯ ಗಂಡ ಸಿಕ್ಕಿದ, ಮೂರು ಮಕ್ಕಳಾದವು. ಕೊರಗುತ್ತಾ ಕೂರಲು ಪುರಸೊತ್ತೇ ಇರಲಿಲ್ಲ. ಮರೆತೆನೆಂದೇ ತಿಳಿದಿದ್ದಳು.

ಇಷ್ಟನ್ನೂ ಅವಳು ನೆಲ ನೋಡುತ್ತಾ ಹೇಳಿ ಮುಗಿಸಿದಳು. ಪೆರಿಜಾತ್ ಟೋಪಿ ಬಿಚ್ಚಿ, ಬೆಚ್ಚಗಿನ ನೀರಿನಲ್ಲಿ ಅವಳ ಬಿಳಿಗೂದಲಿನ ಅಂಟನ್ನು ತಾನೇ ತೊಳೆದಳು.

"ನಿಮ್ಮ ಫಲಿತಾಂಶನ ಕೈಬಿಡಬೇಕಾಗುತ್ತೆ ಎಜೆ. ಅರ್ಥ ಇರೋ ಪದ ನಡೆಯಲ್ಲ," ಎಂದು ಸಂಕೋಚದಿಂದ ಹೇಳಿ ದಾಖಲೆ ಪುಸ್ತಕ ತೆರೆದಳು. "ಕಾರಣ ಏನಂತ ಬರೀಲಿ?"

ಬಾತ್ಮಾ ಒದ್ದೆ ಕೂದಲನ್ನು ಟವೆಲಿನಲ್ಲಿ ಹಿಂಡಿಕೊಂಡಳು.

"ಭಾಷೆ ಮೊದಲೇ ಬರ್ತಿತ್ತು ಅಂತ ಬರಿ. ಮಾತಾಡಿ ಬಹಳ ವರ್ಷ ಆಯ್ತು ಅಂತಲೂ ಸೇರಿಸು."